ಬೆಟ್ಟದ ಬೈಕಿನಲ್ಲಿ ಪೂರಿಗಾಲಿ ಹೈಸ್ಕೂಲಿಗೆ

ಕೊಪ್ಪದಿಂದ ನಾನು ಹೊರಟಾಗ ಮಂಜು ಇನ್ನೂ ಗದ್ದೆ ಬಿಟ್ಟು ಎದ್ದಿರಲಿಲ್ಲ. ಮಾಗಿಯ ಚಳಿ. ಚೂಡಿದಾರದ ಮೇಲೆ ಗಂಡನ ಜರ್ಕಿನ್, ತಲೆಗೆ ಹೆಲ್ಮೆಟ್ಟು, ಕೆಳಗೆ ಮೈದುನ ಚಂದ್ರುವಿನ ಬೆಟ್ಟ ಹತ್ತುವ ಬೈಕು. ನಾನು ಹೊರಟಿದ್ದು ಮಾತ್ರ ಬೆಟ್ಟಕ್ಕಲ್ಲ, ಪೂರಿಗಾಲಿ ಹೈಸ್ಕೂಲಿಗೆ ಲೆಕ್ಕದ ಪಾಠ ಮಾಡಲು. ದಾರಿಯುದ್ದಕ್ಕೂ ಟಾರು.

ಅಲ್ಲಿಗೆ ವರ್ಗವಾಗಿ ತಿಂಗಳಾಗಿತ್ತು. ಮದ್ದೂರಿಗೊಂದು, ಮಳವಳ್ಳಿಗೊಂದು, ಅಲ್ಲಿಂದ ಪೂರಿಗಾಲಿಗೊಂದು ಬಸ್ಸು. ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ. ಆದರೆ ಪ್ರಾರ್ಥನೆ ಮುಗಿದ ಮೇಲೆ ತಲುಪಿಸುವ ಬಿಟ್ಟಿ ಬಸ್ಸು ಕಟ್ಟಿಕೊಂಡು ಏನು ಮಾಡಲಿ? ಹೆಡ್ಮೇಷ್ಟ್ರು ನನ್ನನ್ನು ಕಂಡಾಗಲೆಲ್ಲ ಗಡಿಯಾರ ನೋಡುತ್ತಿದ್ದರು. ಕೊನೆಗೆ ಮಳವಳ್ಳಿಯಲ್ಲಿ ಒಂದು ರೂಮು ನೋಡಿದ್ದಾಯಿತು. ರೂಮು ಹಿಡಿದರೆ ಆರನೇ ಕ್ಲಾಸಿನ ಮಗಳು ನನಗೆ ಸಿಗುವುದು ಭಾನುವಾರ ಮಾತ್ರ. ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ರೂಮಿನವರಿಗೆ ಅವತ್ತು ಸಂಜೆ ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಮೊದಲೇ ಗಾಡಿಯಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಎರಡು ವರ್ಷದ ಹಿಂದೆ ನಾನು ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವಳು. ಬೀಳಿಸಿದ್ದು ಲಾರಿಯಲ್ಲ, ಹುರುಳಿ! ನಮ್ಮ ಕಡೆ ಕಣ ಮಾಡುವ ಗೋಜೇಕೆಂದು ಕಿತ್ತ ಹುರುಳಿ ಗಿಡವನ್ನು ಟಾರು ರಸ್ತೆಗೇ ಹಾಸುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಒಕ್ಕಣೆ ಪುಕ್ಕಟೆ. ಅದರ ಮೇಲೆ ಸ್ಕೂಟರಿನ ಪುಟ್ಟ ಚಕ್ರ ಜಾರಿತ್ತು. ಅಂದಿನಿಂದ ನಾನು ಹ್ಯಾಂಡಲ್ ಮುಟ್ಟಿರಲಿಲ್ಲ.

ಧೈರ್ಯ ತುಂಬಿದವನು ಚಂದ್ರು. “ಸೀಟು ಎತ್ತರ ಅಂತ ನಮ್ಮುಡುಗ್ರೇ ಎದುರ್ಕತಾರೆ ಕಣತ್ಗೆ. ನಿಮ್ಗೆ ಕಾಲು ಸಲೀಸಾಗಿ ನೆಲಕ್ಕೆ ಎಟುಕ್ತದೆ” ಎಂದು ವಾರವಿಡೀ ಕೆರೆ ಏರಿಯ ಮೇಲೆ ಓಡಿಸಿ ಕಲಿಸಿದ. ಊರಲ್ಲಿ ನನ್ನನ್ನು ಕಬ್ಬಿನ ಜಲ್ಲೆ ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಆ ಉದ್ದ ಈಗ ಉಪಯೋಗಕ್ಕೆ ಬಂತು!

“ಉಸಾರು ಕಣೆ. ಆಗ್ದೆ ಇದ್ರೆ ಮದ್ದೂರಿಂದ ವಾಪಸ್ ಬಂದ್ಬುಡು” ಅಂದರು ಮನೆಯವರು.

“ಬಾಯಿ ಮುಚ್ಕೊಂಡು ಹಾಲು ಡೈರಿಗೆ ಆಕೋಗಿ” ಅಂದು ಹೊರಟೆ.

ಮದ್ದೂರಿನ ತನಕ ಹಂಪುಗಳದೇ ರಾಜ್ಯ. ಮನೆಗೊಂದರಂತೆ ಹಾಕಿಸಿಕೊಂಡಿದ್ದಾರೋ ಏನೋ. ಬಸ್ಸಿನ ಹಿಂದಿನ ಸೀಟಿನಲ್ಲಿ ಇದೇ ಹಂಪುಗಳಿಗೆ ನನ್ನ ಸೊಂಟ ಪುಡಿಯಾಗಿತ್ತು. ಈ ಬೈಕಿನಲ್ಲೋ, ಮುಂದಿನ ಉದ್ದನೆಯ ಶಾಕ್ ಅಬ್ಸಾರ್ಬರು ಬಗ್ಗಿ ಏಳುವುದರೊಳಗೆ ಹಂಪು ಹಿಂದೆ ಉಳಿದಿರುತ್ತಿತ್ತು. ಕಬ್ಬು ಹೇರಿದ ಟ್ರಾಕ್ಟರು ರಸ್ತೆ ತುಂಬಾ ತೂಗಾಡುತ್ತ ಹೋಗುತ್ತಿದ್ದಾಗ ನಾನು ಟಾರು ಬಿಟ್ಟು ಮಣ್ಣಿಗಿಳಿದು ಮುಂದೆ ಹೋಗಿ ಮತ್ತೆ ಟಾರಿಗೆ ಹತ್ತಿದೆ. ಆಹಾ, ಏನು ಹಗುರ ಅಂತೀರಿ! ದನದ ಕರುವಿನ ಹಾಗೆ, ಕಿವಿ ಹಿಡಿದು ತಿರುಗಿಸಿದ ಕಡೆ ಬರುತ್ತದೆ. ದೂರಬೇಕೆಂದರೆ ಸೀಟೊಂದನ್ನು ದೂರಬೇಕು, ಬರೀ ಹಲಗೆ. ಗಡ್ಡೆಗಡ್ಡೆ ಟೈರು ಟಾರಿನ ಮೇಲೆ ಗುಂಯ್ ಎಂದು ಜೀರುಂಡೆಯಂತೆ ಕೂಗುತ್ತದೆ.

ಮದ್ದೂರಿನಲ್ಲಿ ಎರಡು ಇಡ್ಲಿ ತಿಂದು, ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ. ಟ್ಯಾಂಕು ಚಿಕ್ಕದು, ಬೇಗ ತುಂಬಿತು. ಪೆಟ್ರೋಲ್ ಹಾಕುವವನು ಬೈಕನ್ನು ಸುತ್ತ ನೋಡಿ, “ಇದು ಕಲ್ಲು ಗುಡ್ಡ ಅತ್ತೋ ಗಾಡಿ ಅಲ್ವಾ ಮೇಡಂ? ರೋಡ್ನಲ್ಲಿ ಯಾಕ್ ಓಡಿಸ್ತೀರ?” ಅಂದ.

“ನಮ್ಮ ರೋಡು ನೋಡಿದ್ದೀಯೇನಪ್ಪ?” ಅಂದೆ. ನಕ್ಕುಬಿಟ್ಟ.

ಮಳವಳ್ಳಿ ದಾರಿಯಲ್ಲಿ ಬಿಸಿಲು ಬಂತು. ಆಲೆಮನೆಯ ಹೊಗೆ, ಬೆಲ್ಲದ ಪಾಕದ ವಾಸನೆ, ನಾಲೆಯ ನೀರಿನ ತಂಪು ಮುಖಕ್ಕೆ ಬಡಿಯುತ್ತಿದ್ದವು. ಮಳವಳ್ಳಿ ಸ್ಟ್ಯಾಂಡಿನಲ್ಲಿ ನಾನು ದಿನಾ ಕಾಯುತ್ತಿದ್ದ ಬಸ್ಸು ಇನ್ನೂ ಬಂದೇ ಇರಲಿಲ್ಲ. ಖುಷಿಗೆ ಒಬ್ಬಳೇ ಹಾರ್ನ್ ಹೊಡೆದೆ.

ಪೂರಿಗಾಲಿ ಇನ್ನೇನು ಬಂತು ಅನ್ನುವಾಗ ಒಂದು ತಿರುವಿನಾಚೆ ರಸ್ತೆಯುದ್ದಕ್ಕೂ ಹುರುಳಿ. ಗಕ್ಕನೆ ನಿಲ್ಲಿಸಿದೆ. ಮಣಿಕಟ್ಟು ಆಗಲೇ ನೋಯತೊಡಗಿತು. ದಾಟಲಾಗದಿದ್ದರೆ ರೂಮೇ ಗತಿ, ಯಾಕೆಂದರೆ ಸುಗ್ಗಿ ಮುಗಿಯುವ ತನಕ ದಿನಾ ಇದೇ ಪಾಡು. ರಸ್ತೆ ಬದಿಯಲ್ಲಿ ಕಡ್ಡಿ ಹಿಡಿದು ಗಿಡ ಹರವುತ್ತಿದ್ದ ಅಜ್ಜಿ ತಲೆಯೆತ್ತಿತು.

“ಯಾಕವ್ವ ನಿಂತ್ಕಂಡೆ? ಓಡ್ಸು.”

“ಅಜ್ಜಿ, ಹಿಂದೆ ಇದರ ಮೇಲೆ ಜಾರಿ ಬಿದ್ದು ಕೈ ಮುರ್ಕೊಂಡಿದ್ದೀನಿ.”

“ಬಿದ್ದೋರು ಏಳಾಕಿಲ್ವಾ? ಎದ್ದಿದ್ದೀಯಲ್ಲ, ಓಡ್ಸು!”

ಚಂದ್ರು ಹೇಳಿಕೊಟ್ಟಿದ್ದೊಂದೇ: ಮುಂದಿನ ಬ್ರೇಕ್ ಮುಟ್ಟಬೇಡಿ, ಸ್ಪೀಡು ಒಂದೇ ಸಮ ಇರಲಿ. ಫಸ್ಟ್ ಗೇರು ಹಾಕಿ ದೇವರ ಮೇಲೆ ಭಾರ ಹಾಕಿದೆ. ಕೆಳಗೆ ಚಟಪಟ ಸದ್ದು. ಹಿಂದಿನ ಚಕ್ರ ಒಮ್ಮೆ ಸರಕ್ಕೆಂದಿತು. ಅಗಲವಾದ ಹ್ಯಾಂಡಲ್ ಬಿಗಿಯಾಗಿ ಹಿಡಿದೆ, ಎಡಗಾಲನ್ನು ನೆಲಕ್ಕೆ ಊರಿದೆ, ಹಗುರ ಗಾಡಿ ತಾನೇ ಎದ್ದು ನೆಟ್ಟಗಾಯಿತು. ಆ ತುದಿ ಮುಟ್ಟಿ ನಿಂತಾಗ ಕಣ್ಣಲ್ಲಿ ನೀರು.

ಹಿಂದಿನಿಂದ ಅಜ್ಜಿಯ ಕೂಗು ಬಂತು. ಶಹಬ್ಬಾಸ್ ಅನ್ನುತ್ತೇನೋ ಎಂದು ತಿರುಗಿದರೆ, ಕಾಯಿ ಕೈಲಿ ಹಿಡಿದು ಬಯ್ಯುತ್ತಿದೆ!

“ಇದ್ಯಾವ ಗಾಡಿಯವ್ವ! ನೋಡಾಕೆ ಒಂಟೆ ಅಂಗೈತೆ, ತೂಕನೇ ಇಲ್ವಲ್ಲ. ಒಂದು ಕಾಯೂ ಸರ್ಯಾಗಿ ಒಡೀನಿಲ್ಲ. ತಿರುಗ್ಸು, ಇನ್ನೊಂದು ಕಿತ ಓಡ್ಸು.”

ತಿರುಗಿಸಿದೆ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಿಸಿದೆ. ಬೆಲ್ಲಿಗೆ ಇನ್ನೂ ಹೊತ್ತಿತ್ತು. ಕೊನೆಯ ಸುತ್ತಿಗೆ ನಾನು ಹೆಲ್ಮೆಟ್ಟಿನೊಳಗೇ ನಗುತ್ತಿದ್ದೆ.

“ಸಂಜೆ ಇಂಗೇ ಓಯ್ತೀಯಾ?” ಎಂದು ಅಜ್ಜಿ ಕೇಳಿತು.

“ಸಂಜೆನೂ ಓಯ್ತೀನಿ ಅಜ್ಜಿ, ನಾಳೆನೂ ಬತ್ತೀನಿ. ದಿನಾ ಬತ್ತೀನಿ” ಅಂದುಬಿಟ್ಟೆ.

ಅಂದ ಮೇಲೆ ನನಗೇ ತಿಳಿಯಿತು: ರೂಮಿನವರಿಗೂ ಹೇಳಿಲ್ಲ, ಮನೆಯವರಿಗೂ ಹೇಳಿಲ್ಲ, ಊಹೂಂ ಎಂದು ನಾನು ಮೊದಲು ಹೇಳಿದ್ದು ಈ ಅಜ್ಜಿಗೆ.