ಬೇಲಿಯ ಹೊರಗೆ ನಡೆದ ಕಾಕಾ

ಚಳಿಗಾಲ ಬಂತೆಂದರೆ ಕಾಕಾನ ಉಗುರುಗಳ ಸಂದಿಯಲ್ಲಿ ಸುಣ್ಣ ಸೇರಿಕೊಳ್ಳುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬಲಗೈಯ ಕಿರುಬೆರಳು ಪ್ರಾಯದಲ್ಲಿ ಚೆಂಡು ಬಡಿದು ಸೊಟ್ಟಗಾಗಿತ್ತು. ಚಹಾದ ಗ್ಲಾಸು ಹಿಡಿದಾಗ ಅದೊಂದು ಬೆರಳು ಮುನಿಸಿಕೊಂಡಂತೆ ದೂರ ನಿಂತಿರುತ್ತಿತ್ತು. ಕಿವಿ ಮುಚ್ಚುವಂತೆ ಮಫ್ಲರ್, ಮೈಗೆ ತೋಳಿಲ್ಲದ ಸ್ವೆಟರ್, ಕೆಳಗೆ ಮಾತ್ರ ಖಾಕಿ ಚಡ್ಡಿ. ಮೊಣಕಾಲಿಗೆ ಥಂಡಿ ಹತ್ತುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಮಾನ್ವಿಯಲ್ಲಿ ನಮ್ಮ ಎದುರು ಮನೆಯವರು, ಅಪ್ಪನ ಗೆಳೆಯರು, ಹಾಗಾಗಿ ಕಾಕಾ. ಕೋರ್ಟಿನಲ್ಲಿ ಬೇಲೀಫ್ ಆಗಿದ್ದರು. ಸೈಕಲ್ ಮೇಲೆ ಕಲ್ಲೂರು, ಬಾಗಲವಾಡ ಅಂತ ತಿರುಗಿ ನೋಟೀಸು ಮುಟ್ಟಿಸುವುದು, ಕೋರ್ಟು ಹೇಳಿದ ಮನೆಯ ಬಾಗಿಲಿಗೆ ಬೀಗ ಜಡಿದು ಸೀಲು ಹಾಕುವುದು ಅವರ ಕೆಲಸ. ನಿವೃತ್ತರಾದ ಮೇಲೆ ನಮ್ಮ ಓಣಿಯ ಹಿಂದಿನ ಸರ್ಕಾರಿ ಬಯಲೇ ಅವರ ಕಚೇರಿ. ಅಲ್ಲಿ ನಮಗೆ ವಾಲಿಬಾಲ್ ಆಡಿಸುತ್ತಿದ್ದರು.

ನಮ್ಮದು ಎರೆಮಣ್ಣು. ಮಳೆಗೆ ಅಂಟು, ಬೇಸಿಗೆಗೆ ಬಿರುಕು. ದೀಪಾವಳಿ ಕಳೆದ ವಾರ, ರೈತರು ರಾಶಿಗೆ ಕಣ ಮಾಡುವಂತೆಯೇ ಕಾಕಾ ಆಟದ ಅಂಗಳ ಮಾಡಿಸುತ್ತಿದ್ದರು. ಗರಸು ಮಣ್ಣು ಹರಡಿ, ನೀರು ಹೊಡೆದು, ರೋಣಗಲ್ಲು ಉರುಳಿಸಿ, ಕೊನೆಗೆ ಸಗಣಿ ನೀರಿನಲ್ಲಿ ಸಾರಿಸುವುದು. ಅಷ್ಟೂ ನಮ್ಮ ಕೆಲಸ. ಗೆರೆ ಮಾತ್ರ ಅವರೇ ಎಳೆಯಬೇಕು. ಹಗ್ಗ ಕಟ್ಟಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು, ಮುಷ್ಟಿಯಿಂದ ಸುಣ್ಣ ಬಿಡುತ್ತ ಹಿಂದೆ ಹಿಂದೆ ಸರಿಯುವರು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಬೈಗುಳ ತಪ್ಪುತ್ತಿರಲಿಲ್ಲ.

ಆ ಬೆಳಗುಗಳು ಈಗಲೂ ನನ್ನನ್ನು ಕಾಡುತ್ತವೆ. ಜಾಲಿಗಿಡಗಳ ಹಿಂದೆ ಮಂಜು, ಬಾಯಿಂದ ಹೊಗೆ, ಮೊದಲ ಚೆಂಡು ಮುಂಗೈಗೆ ಬಿದ್ದಾಗ ಏಳುವ ಉರಿ. ಈಗ ನಾನಿರುವುದು ರಾಯಚೂರಿನಲ್ಲಿ. ಡಿಸೆಂಬರಿನ ಬೆಳಿಗ್ಗೆ ಯರಗೇರಾದ ಬಸ್ಸಿಗೆ ಕಾಯುತ್ತ ನಿಂತಾಗ ಸುಮ್ಮನೆ ಮುಂಗೈ ಉಜ್ಜಿಕೊಳ್ಳುತ್ತೇನೆ. ಆ ಉರಿ ಬೇಕೆನಿಸುತ್ತದೆ.

ಆಟ ಮುಗಿದ ಮೇಲೆ ಕಾಕಾ ರೋಣಗಲ್ಲಿನ ಮೇಲೆ ಕುಳಿತು ಪೇಪರು ಬಿಚ್ಚುವರು. ಯಾವ ಪಕ್ಷದ ಸರ್ಕಾರವಿದ್ದರೂ ಅವರ ತಕರಾರು ಒಂದೇ: ಅದು ಎಲ್ಲದರಲ್ಲೂ ಕೈ ಹಾಕುತ್ತದೆ. “ಸರ್ಕಾರ ಅಂಪೈರ್ ಇದ್ದಂಗ ಇರಬೇಕು ತಮ್ಮಾ. ಗೆರಿ ಹೊರಗ ನಿಂತು ಸೀಟಿ ಊದಬೇಕು. ಒಳಗ ಬಂದು ತಾನಽ ಚೆಂಡ ಹೊಡ್ಯಾಕತ್ತಿದ್ರ ನಾವ್ಯಾಕ ಬೇಕು?” ಎನ್ನುವರು. ಹೊಸದು ಯಾವುದೂ ಅವರಿಗೆ ಸುಲಭಕ್ಕೆ ಇಳಿಯುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಕಂಡರೂ ಸಂಶಯ.

ವಾಲಿಬಾಲಿನ ಲೆಕ್ಕವನ್ನೂ ಅವರು ಬದಲಿಸಲು ಬಿಡಲಿಲ್ಲ. ಹಳೆಯ ನಿಯಮದಲ್ಲಿ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟು. ಆ ತಂಡ ಚೆಂಡು ಕಳೆದುಕೊಂಡರೆ ಎದುರಿನವರಿಗೆ ಸಿಗುವುದು ಸರ್ವಿಸ್ ಅಷ್ಟೇ. ಲೋಕವೆಲ್ಲ ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಈಗ ಯಾರು ಗೆದ್ದರೂ ಪಾಯಿಂಟೇ. ನಮ್ಮ ಬಯಲಿಗೆ ಮಾತ್ರ ಆ ಸುದ್ದಿ ಬಂದಿರಲಿಲ್ಲ. ಸರ್ವಿಸ್ ದುಡಿದು ಪಡೆಯಬೇಕು, ಪುಕ್ಕಟೆ ಪಾಯಿಂಟು ಆಟಗಾರನನ್ನು ಕೆಡಿಸುತ್ತದೆ ಎಂಬುದು ಕಾಕಾನ ವಾದ.

ಇದರ ಫಲ ಉಂಡದ್ದು ದೇವದುರ್ಗದಲ್ಲಿ. ಅಲ್ಲಿನ ಟೂರ್ನಮೆಂಟಿನಲ್ಲಿ ಫೈನಲಿಗೆ ಬಂದಿದ್ದೆವು. ಸರ್ವಿಸ್ ನಮ್ಮ ಕೈಯಲ್ಲಿದ್ದಾಗ ಬೇಕಾಬಿಟ್ಟಿ ಬೀಸುವುದು ನಮಗೆ ರೂಢಿ. ತಪ್ಪಿದರೆ ಹೋಗುವುದು ಸರ್ವಿಸ್ ತಾನೇ. ಅಲ್ಲಿ ಪ್ರತಿ ತಪ್ಪಿಗೂ ಎದುರಿನವರ ಪಾಯಿಂಟು ಏರಿತು. ಬುದ್ಧಿಗೆ ಗೊತ್ತಿದ್ದರೂ ಕೈಗೆ ಗೊತ್ತಾಗಲಿಲ್ಲ. ಸೋತೆವು. ಟಂಟಂ ಆಟೋ ಹತ್ತಿ ಊರಿಗೆ ಹೊರಟೆವು. ಮಾನ್ವಿ ಹತ್ತಿರ ಬಂದಾಗ ಕಾಕಾ, ನಾವೇ ಚಲೋ ಆಡಿದೆವು, ಅವರು ಲೆಕ್ಕದಲ್ಲಿ ಗೆದ್ದರು ಎಂದರು. ನನಗೆ ಮೈಯೆಲ್ಲ ಉರಿಯಿತು.

ಆ ಸಿಟ್ಟಿನಲ್ಲೇ ನಾನು ಅರ್ಜಿ ಬರೆದೆ. ಸಿಮೆಂಟಿನ ಅಂಗಳ, ದೀಪ, ತರಬೇತುದಾರ, ಎಲ್ಲವನ್ನೂ ಕ್ರೀಡಾ ಇಲಾಖೆಗೆ ಕೇಳಿದೆ. ಬಯಲಿನಲ್ಲಿ ಏನೇ ತೀರ್ಮಾನವಾಗಬೇಕಾದರೂ ನೆಟ್ಟಿನ ಆಚೆ ಈಚೆ ನಿಲ್ಲುವುದು ನಮ್ಮ ಪದ್ಧತಿ. ಅರ್ಜಿ ಬೇಕೆನ್ನುವವರು ನನ್ನ ಕಡೆ ಬನ್ನಿ ಎಂದೆ. ಎಲ್ಲರೂ ಬಂದರು. ಆಚೆ ಕಾಕಾ ಒಬ್ಬರೇ, ಮಫ್ಲರ್ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಆಮೇಲೆ ಬಗ್ಗಿ, ನೆಟ್ಟಿನ ಕೆಳಗೆ ನುಸುಳಿ ಈಚೆ ಬಂದು ಕೈ ಚಾಚಿದರು.

“ಪೆನ್ನು ಕೊಡು. ಸೋತ ಮ್ಯಾಲ ಕೈ ಕೊಟ್ಟು ಹೋಗೂದು ಆಟ.”

ಅರ್ಜಿಯಲ್ಲಿ ಮೊದಲ ಸಹಿ ಅವರದೇ.

ಇಲಾಖೆ ಬಂತು. ಅಳತೆ ಮಾಡಿತು, ತಂತಿ ಬೇಲಿ ಸುತ್ತಿತು, ಗೇಟು ನಿಲ್ಲಿಸಿತು, ನಮ್ಮ ಅಂಗಳದ ಒಂದು ಬದಿ ಅಗೆದು ಜಲ್ಲಿ ಸುರಿಯಿತು. ಗುತ್ತಿಗೆದಾರನಿಗೂ ಇಲಾಖೆಗೂ ಏನೋ ತಕರಾರು ಬಂದು ಕೆಲಸ ನಿಂತಿತು. ಗೇಟಿಗೆ ಬೀಗ ಬಿತ್ತು. ದೀಪಾವಳಿ ಮುಗಿದು ಥಂಡಿ ಶುರುವಾದರೂ ಬೀಗ ಹಾಗೇ ಇತ್ತು. ಹುಡುಗರೆಲ್ಲ ಸೇರಿ ತಂತಿ ಕತ್ತರಿಸಲು ಇಕ್ಕಳ ತಂದರು. ಕಾಕಾ ಬೇಲಿಗೆ ಬೆನ್ನು ಕೊಟ್ಟು ನಿಂತರು.

“ಎಷ್ಟ ಮಂದಿ ಬಾಗಿಲಿಗೆ ನಾನು ಸೀಲ್ ಹಾಕೀನಿ ಗೊತ್ತೇನು? ಹೆಣ್ಮಕ್ಕಳು ಅಳಾಕತ್ತಿದ್ರೂ ಕಾಯಿದೆ ಅಂತ ಹಾಕೀನಿ. ಈಗ ನನ್ನ ಬಾಗಿಲಿಗೆ ಬಂದೈತಿ. ಒಡೀರಿ ಅನ್ಲೇನು?”

ಇಕ್ಕಳ ತಂದವರು ತಿರುಗಿ ಹೋದರು. ಮರುದಿನದಿಂದ ಕಾಕಾ ಅದೇ ಹೊತ್ತಿಗೆ, ಅದೇ ಚಡ್ಡಿಯಲ್ಲಿ ಬಂದು ಬೇಲಿಯ ಹೊರಗೆ ಸುತ್ತು ಹಾಕತೊಡಗಿದರು. ಅಂಗಳದ ನೇರಕ್ಕೆ ಬಂದಾಗ ತಂತಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುವರು. ನಾನು ರಾಯಚೂರಿನ ಇಲಾಖೆ ಕಚೇರಿಗೆ ಅಲೆದೆ. ಬರುವ ವಾರ ಬೀಗ ತೆಗೆಯುತ್ತೇವೆ ಎಂದರು. ಅದನ್ನೇ ತಂದು ಕಾಕಾನಿಗೆ ಹೇಳಿದೆ. ಎಷ್ಟೋ ವಾರ ಅದನ್ನೇ ಹೇಳಿದೆ. ಮೊದಲೇ ಹೇಳಿದ್ದೆನಲ್ಲ ಎಂಬ ಒಂದು ಮಾತು ಅವರು ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಬೇಲಿಯ ಮೂರನೆಯ ಚಳಿಗಾಲದಲ್ಲಿ ಒಂದೇ ಒಂದು ಸಲ, ತಂತಿ ಹಿಡಿದುಕೊಂಡೇ ಕೇಳಿದರು:

“ಈ ಥಂಡಿಗರೆ ಗೇಟ್ ತಗೀತಾರೇನು ತಮ್ಮಾ? ಒಮ್ಮಿ ಒಳಗ ಹೋಗಿ ನಿಲ್ಲಬೇಕಂತ ಅನಸಾಕತ್ತೈತಿ.”

ಬರುವ ವಾರ ಎಂದೆ.

ಆ ಚಳಿಗಾಲದಲ್ಲೇ, ಎಳ್ಳಮಾಸಿ ಹಬ್ಬ ಮುಗಿದ ನಾಲ್ಕನೆಯ ದಿನ, ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ. ಮರುದಿನ ಹೊತ್ತುಕೊಂಡು ಹೊರಟಾಗ ಹುಡುಗರು ಯಾರೂ ಹೇಳದೆಯೇ ಗೇಟಿನ ಮುಂದೆ ನಿಂತುಬಿಟ್ಟರು. ಒಂದು ಸುತ್ತು ಒಳಗೆ ಒಯ್ಯೋಣ ಎಂಬ ಮಾತು ಬಂತು. ಅರ್ಜಿ ಬರೆದವನು ನೀನು, ನೀನೇ ಹೊಡಿ ಎಂದು ಯಾರೋ ನನ್ನ ಕೈಗೆ ಕಲ್ಲು ಕೊಟ್ಟರು. ತುಕ್ಕು ಹಿಡಿದ ಬೀಗ. ಎರಡು ಏಟಿಗೆ ಬೀಳುತ್ತಿತ್ತು. ಕೈಯೆತ್ತಿದೆ. ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದ ಕಾಕಾ ಕಣ್ಣ ಮುಂದೆ ಬಂದರು. ಕಲ್ಲು ಕೆಳಗಿಟ್ಟೆ. ಅವರು ದಿನಾ ನಡೆದ ದಾರಿಯಲ್ಲಿಯೇ, ಬೇಲಿಯ ಹೊರಗೆ, ಒಂದು ಸುತ್ತು ಹಾಕಿಸಿ ಒಯ್ದೆವು.

ಮುಂದಿನ ವರ್ಷ ಗೇಟು ತೆರೆಯಿತು. ಅಂಗಳ ಚೆನ್ನಾಗಿಯೇ ಆಗಿದೆ, ಸುಳ್ಳು ಹೇಳಬಾರದು. ಸಂಜೆ ಶಾಲೆಯ ಹುಡುಗಿಯರು ಆಡುತ್ತಾರೆ, ಕಾಕಾ ಕಂಡಿದ್ದರೆ ಗೊಣಗುತ್ತಲೇ ನಿಂತು ನೋಡುತ್ತಿದ್ದರು. ಹಿರಿಯರ ಮಾತು ಉಳಿಸಿದೆ ಎಂದು ಓಣಿಯವರು ನನ್ನನ್ನು ಹೊಗಳುತ್ತಾರೆ. ಒಮ್ಮೆ ಒಳಗೆ ಹೋಗಿ ನಿಲ್ಲಬೇಕೆಂದ ಅವರ ಆಸೆ ಮಾತ್ರ ನನಗೆ ನೆನಪಾಗುತ್ತದೆ. ಅರ್ಜಿಯೊಂದನ್ನು ಬಿಟ್ಟರೆ ಜೀವಮಾನವೆಲ್ಲ ಅವರ ಮಾತು ಕೇಳಿದವನು, ಬೀಗದ ಮುಂದೆ ನಿಂತ ಆ ಒಂದು ದಿನ ಕೇಳಬಾರದಿತ್ತು.