ಮತ್ಸ್ಯಾವತಾರ

ಇವತ್ತು ಹಳೆಯ ಶಿಷ್ಯನೊಬ್ಬ ದಟ್ಟಗಳ್ಳಿಯಿಂದ ಬಂದು, "ಸಾರ್, ನಮ್ಮ ಕೊಳದ ಮೀನು ಯಾಕೋ ಸೊರಗ್ತಾ ಇವೆ, ಒಂದ್ಸಲ ನೋಡ್ಬುಡಿ" ಎಂದು ಕರೆದುಕೊಂಡು ಹೋದ. ನಿವೃತ್ತ ಮೇಷ್ಟ್ರಿಗೆ ಯಾರಾದರೂ ಸಂದೇಹ ಕೇಳಿದರೆ ಸಾಕು, ಮಂಡಿನೋವು ಮರೆತುಹೋಗುತ್ತದೆ. ಮೀನು ಹಿಡಿದು, ಕಿವಿರು ಬಿಡಿಸಿ ನೋಡಿ, ಸಂಜೆ ಕೃಷ್ಣಮೂರ್ತಿಪುರಂ ಮನೆಗೆ ಬಂದೆ. ಬೀಗದ ಕೈ ಜೇಬಿನಲ್ಲಿದ್ದರೂ ಕಾಲು ತಾನಾಗಿ ಹಿತ್ತಲಿನ ನಲ್ಲಿಯ ಕಡೆ ನಡೆಯಿತು. ಕಟ್ಟೆಯ ಮೇಲೆ ಅರ್ಧ ನಿಂಬೆಹಣ್ಣಿತ್ತು. ಈಗ ಅದನ್ನು ಇಡುವವನೂ ನಾನೇ.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಸೀಟು ಸಿಕ್ಕಿತೆಂದು ಮೀನುಗಾರಿಕೆ ಕಾಲೇಜು ಸೇರಿದವನು ಅಲ್ಲೇ ಮೇಷ್ಟ್ರಾದೆ. ಬಲೆಯ ಕಣ್ಣು ದೊಡ್ಡದಿರಲಿ, ಮರಿಗಳು ಪಾರಾಗಲಿ ಎಂದು ಕೆರೆ ದಡದಲ್ಲೂ ಸಭೆಗಳಲ್ಲೂ ಬಾಯಿ ನೋಯುವಷ್ಟು ಹೇಳಿದ್ದೇ ನನ್ನ ಜೀವಮಾನದ ಕೆಲಸ. ಕೇಳಿಸಿಕೊಂಡವರಲ್ಲಿ ಮೀನುಗಳೇ ಹೆಚ್ಚೇನೋ. ಒಂದು ತುಂಡು ಮೀನನ್ನೂ ನಾನು ತಿಂದವನಲ್ಲ.

ನನ್ನ ಮದುವೆಯಾದದ್ದೇ ಒಂದು ತಪ್ಪು ತಿಳಿವಳಿಕೆಯಿಂದ. ಸಂಬಂಧ ತಂದವರು "ಹುಡುಗ ಮತ್ಸ್ಯದಲ್ಲಿ ಡಾಕ್ಟರೇಟು" ಎಂದರಂತೆ. ನಮ್ಮ ಮಾವ ಪುರಾಣಪ್ರಿಯರು. ದಶಾವತಾರದ ಮೇಲೆ ಏನೋ ದೊಡ್ಡದಾಗಿ ಬರೆದವನಿರಬೇಕೆಂದು ಹಿಗ್ಗಿ ಮಗಳು ರತ್ನಳನ್ನು ಕೊಟ್ಟೇಬಿಟ್ಟರು. ನಾನು ಕೆರೆಯ ವಾಸನೆ ಹೊತ್ತು ಬಂದ ಮೊದಲ ಸಂಜೆ ರತ್ನ ಮೂಗಿಗೆ ಸೆರಗು ಹಿಡಿದು ನಕ್ಕಳು. ಅಂದಿನಿಂದ ಹಿತ್ತಲ ನಲ್ಲಿಯ ಹತ್ತಿರ ನಿಂಬೆ ಬಂತು. ನಾನು ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರೆ ಅಡುಗೆಮನೆಯಿಂದ ಕೂಗುತ್ತಿದ್ದಳು: "ರೀ, ನಿಮ್ಮ ಅವತಾರ ಮುಗೀತಾ? ಮುಗಿದಿದ್ರೆ ಒಳಗ್ ಬನ್ನಿ."

ಕೈ ತೊಳೆಯದೆ ನಾನು ಹೊಸ್ತಿಲು ದಾಟಿದವನಲ್ಲ, ಒಂದು ಸಲ ಬಿಟ್ಟು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಪೂರ್ತಿ ತಿಂದು ಮುಗಿಸಿತ್ತು. ಕೊನೆಕೊನೆಗೆ ನೆನಪೂ ಮಾಸಿ, ಮಾತನಾಡಿಸಿದರೆ ಯಾರೆಂದೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅವಳಿಗೆ ಜೋರಾಗಿದೆಯೆಂದು ಪಕ್ಕದ ಮನೆಯವರು ಫೋನ್ ಮಾಡಿದಾಗ ಕೆರೆಯಿಂದ ಹಾಗೇ ಓಡಿಬಂದು ಅವಳ ಮಂಚದ ಮೇಲೆ ಕೂತು ಕೈ ಹಿಡಿದೆ. ಆಮೇಲೆ ನನ್ನ ಕೈಯ ನಾತ ನನಗೇ ಬಡಿದು, ತೊಳೆದು ಬರೋಣವೆಂದು ಎದ್ದೆ. ಅವಳು ಬಿಡಲಿಲ್ಲ. ನನ್ನ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು, "ತೊಳ್ಕೋಬೇಡಿ, ಇರ್ಲಿ. ಇದ್ರಿಂದ್ಲೇ ಗೊತ್ತಾಯ್ತು, ನೀವು ಬಂದ್ರಿ ಅಂತ" ಎಂದಳು. ನನ್ನನ್ನು ಅವಳು ಗುರುತು ಹಿಡಿದದ್ದು ಅದೇ ಕೊನೆ.

ಅವಳು ಹೋದ ಮೇಲೂ ನಿಂಬೆ ಇಡುವುದನ್ನು ನಾನು ಬಿಟ್ಟಿಲ್ಲ. ಇವತ್ತೂ ಕೈಗೆತ್ತಿಕೊಂಡೆ. ಅಡುಗೆಮನೆಯ ಕಿಟಕಿಯತ್ತ ನೋಡಿದೆ. ಕೂಗುವವರಿಲ್ಲದ ಮನೆ ಕಂಡು ಅಳು ಬಂತು. ಆಮೇಲೆ ನಿಂಬೆಯನ್ನು ಕಟ್ಟೆಯ ಮೇಲೇ ಇಟ್ಟು, ಕೈ ತೊಳೆಯದೆ ಒಳಗೆ ಹೋಗಿ ಅವಳ ಮಂಚದ ಮೇಲೆ ಕೂತೆ.

"ಬಂದೆ ಕಣೇ" ಎಂದೆ.