ಇಳಿದ ಮೂಲೆ

ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಗೆ ಮುಂಬಾಗಿಲೆಂಬುದಿಲ್ಲ. ಹಿಂದಿನ ಗೇಟಿನಿಂದ ಬಂದು, ಬಾಯ್ಲರ್ ದಾಟಿ, ಮೆಟ್ಟಿಲು ಇಳಿಯಬೇಕು. ಅಲ್ಲಿ ಚಾದರ ಮಡಿಸುವ ಕೆಲಸ ಕಥೆಯಮ್ಮನದು. ಹೆತ್ತವರು ಇಟ್ಟ ಹೆಸರು ಹಾಜರಿ ಕರೆಯುವವನಿಗಷ್ಟೇ ಗೊತ್ತು. ಉಳಿದವರಿಗೆಲ್ಲ ಅವಳು ಕಥೆಯಮ್ಮ.

ಚಾದರ ಮಡಿಸಲು ಇಬ್ಬರು ಬೇಕು. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಜಗ್ಗಿ, ಕೊಡವಿ, ಆಮೇಲೆ ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಯಂತ್ರಗಳ ಸದ್ದಿಗೆ ದೂರ ನಿಂತಾಗ ಮಾತು ಕೇಳದು. ಹತ್ತಿರ ಬಂದಾಗ ಒಂದು ಮಾತು, ಮತ್ತೆ ದೂರ. ಹೀಗೆ ಚೂರುಚೂರಾಗಿಯೇ ಎದುರಿನವರ ಬಾಳೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಬಿದ್ದದ್ದನ್ನು ಮನೆಗೆ ಹೋಗಿ ಬರೆಯುತ್ತಿದ್ದಳು.

ಊರಿನ ಬರಹಗಾರರ ಸಭೆಗೆ ಒಮ್ಮೆ ಹೋಗಿದ್ದಳು. "ಹಿಂದೆ ಕೂತ್ಕೊಳ್ಳಿ, ಸರದಿ ಬಂದಾಗ ಕರೀತೀವಿ" ಎಂದರು. ಕೆಳಗಿನ ಓಣಿಯವಳೆಂದು ತಿಳಿದ ಮೇಲೆ ಸರದಿ ಬರಲೇ ಇಲ್ಲ. ಕೊನೆಗೆ ಕರೆದದ್ದು ಕುರ್ಚಿ ಮಡಿಸಿಡುವುದಕ್ಕೆ. ಮರುವಾರವೇ ಅವಳು ರಜೆಯ ಮಧ್ಯಾಹ್ನ ಒಗೆಯುವ ಮನೆಯಲ್ಲಿ ತನ್ನದೇ ಸಭೆ ಕರೆದಳು. ಕಸ ಗುಡಿಸುವವಳು, ಆಯಾ, ಶವಾಗಾರದ ಕಾವಲುಗಾರ, ಎಲ್ಲರೂ ಬಂದು ಬಟ್ಟೆಗಂಟಿನ ಮೇಲೆ ಕೂತರು. ಬರೆಯಲು ಬಾರದವರು ಹೇಳಿದರು, ಬರುವವರು ಬರೆದುಕೊಂಡರು. ಮಕ್ಕಳನ್ನು ಚಾದರದ ರಾಶಿಯ ಮೇಲೆ ಮಲಗಿಸಿದರು. ಕಥೆಯಮ್ಮನ ಮಗಳು ಬೆಳೆದದ್ದೇ ಆ ರಾಶಿಯ ಮೇಲೆ.

ಚಾದರದ ಎದುರು ತುದಿ ಅಕ್ಕನದು. ಒಡಹುಟ್ಟಿದವಳೇನಲ್ಲ, ಆದರೆ ಒಡಹುಟ್ಟಿದವರು ಅಷ್ಟು ವರ್ಷ ಎದುರು ನಿಲ್ಲುವುದುಂಟೇ? ಅಕ್ಕನ ಎಡಗೈಯಲ್ಲಿ ಕಸುವಿರಲಿಲ್ಲ. ಆ ಮೂಲೆ ಯಾವಾಗಲೂ ಒಂದು ಬೆರಳು ಕೆಳಗೆ.

ಒಂದು ದಿನ ಮೂಲೆ ಸೇರಿಸಲು ಹತ್ತಿರ ಬಂದ ಅಕ್ಕ, "ನಿನ್ನ ಮಗಳ ಮಾತೊಂದು ನನ್ಹತ್ರ ಇದೆ ಕಣೇ. ಎಷ್ಟು ದಿನ ಅಂತ ಹೊಟ್ಟೇಲಿಟ್ಕೊಳ್ಳಲಿ, ಕೇಳಿಸ್ಕೋ" ಎಂದಳು.

"ಈ ರಾಶಿ ಮುಗೀಲಿ ಅಕ್ಕ."

ರಾಶಿ ಮುಗಿಯುವಷ್ಟರಲ್ಲಿ ಹೊತ್ತೂ ಮುಗಿಯಿತು. ಮರುದಿನ ಅಕ್ಕ ಬರಲಿಲ್ಲ. ಮಲಗಿದಲ್ಲೇ ಹೋಗಿಬಿಟ್ಟಿದ್ದಳು.

ಆಮೇಲೆ ಶುರುವಾಯಿತು. ಎದುರಿಗೆ ಯಾರೇ ನಿಲ್ಲಲಿ, ಆ ಮೂಲೆ ಒಂದು ಬೆರಳು ಕೆಳಗಿಳಿಯುತ್ತಿತ್ತು. ಆಯಾ ಹಿಡಿದರೂ ಅಷ್ಟೇ, ಹೊಸದಾಗಿ ಸೇರಿದವಳು ಹಿಡಿದರೂ ಅಷ್ಟೇ.

"ಸತ್ತ ಮೇಲೂ ಅಕ್ಕಂಗೆ ರಜೆ ಕೊಡ್ಲಿಲ್ವಲ್ಲ ನೀನು" ಎಂದು ಕಾವಲುಗಾರ ನಗಿಸಲು ನೋಡಿದ. 

ಹೊಸಬಳು ಆ ತುದಿ ಮುಟ್ಟಲೊಲ್ಲೆ ಎಂದಳು. ಸಭೆಗೆ ಬರುವವರು ಕಡಿಮೆಯಾದರು. ಬಂದವರೂ ಅಕ್ಕ ನಿಲ್ಲುತ್ತಿದ್ದ ಜಾಗ ಬಿಟ್ಟು ಕೂರುತ್ತಿದ್ದರು. ಕಥೆಯಮ್ಮ ಪೆನ್ನು ಹಿಡಿದರೆ ಒಂದೇ ಸಾಲು ಬರುತ್ತಿತ್ತು: ಈ ರಾಶಿ ಮುಗೀಲಿ. ಅಕ್ಕ ಹೇಳದೆ ಹೋದ ಮಾತು ಮನೆಯವರೆಗೂ ಅವಳ ಹಿಂದೆ ಬರುತ್ತಿತ್ತು.

ಅದು ಗೊತ್ತಿದ್ದವಳು ಇನ್ನು ಮಗಳೊಬ್ಬಳೇ. ದೊಡ್ಡವಳಾಗಿ ಹೊಲಿಗೆ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಒಂದೇ ಮನೆ, ಒಂದೇ ಒಲೆ, ಆದರೂ ಉಪ್ಪು ಮುಗಿದಿದೆ, ಬೀಗ ಎಲ್ಲಿ ಅನ್ನುವುದರಾಚೆ ಮಾತಿಲ್ಲ. ಊರೆಲ್ಲರ ಬಾಯಿ ಬಿಡಿಸಿದ ಕಥೆಯಮ್ಮನಿಗೆ ಮಗಳನ್ನು ಹೇಗೆ ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ.

ಒಂದು ರಜೆಯ ದಿನ ಸುತ್ತಿಬಳಸಿ ಕೇಳಿದಳು: "ಎದುರು ಹಿಡಿಯೋರಿಲ್ಲ. ಬರ್ತೀಯಾ?"

"ಕಥೆಗೋ, ಚಾದರಕ್ಕೋ?"

"ಚಾದರಕ್ಕೆ."

ಮಗಳು ಬಂದಳು. ರಜೆಯೆಂದು ಆಸ್ಪತ್ರೆಯ ಯಂತ್ರಗಳು ನಿಲ್ಲುವುದಿಲ್ಲ. ಅಕ್ಕನ ಜಾಗದಲ್ಲೇ ನಿಂತಳು. ಮೊದಲ ಚಾದರಕ್ಕೇ ಆ ಮೂಲೆ ಇಳಿಯಿತು. ಕಥೆಯಮ್ಮ ಅತ್ತ ಕಣ್ಣು ತೋರಿಸಿದಳು. "ನೋಡು, ಅಕ್ಕ ಬಂದ್ಲು."

ಮಗಳು ಹೊಲಿಗೆಯವಳ ಕಣ್ಣಲ್ಲಿ ಅಂಚನ್ನೇ ನೋಡಿದಳು. "ನನ್ನ ಕಡೆ ನೆಟ್ಟಗಿದೆ. ನೀನೇ ಎತ್ತಿ ಹಿಡೀತಿದ್ದೀಯ ಅಮ್ಮಾ."

ಹೌದು. ಅಕ್ಕನ ಕೈಗೆ ಭಾರ ಬೀಳದಿರಲೆಂದು ತನ್ನ ಬಲಗೈ ಎತ್ತಿ ಹಿಡಿದು ಹಿಡಿದು, ಕೈಗೆ ಅದೇ ಸಮವೆನಿಸಿಬಿಟ್ಟಿತ್ತು. ಅಂದರೆ ಅಲ್ಲಿ ಅಕ್ಕ ಇರಲಿಲ್ಲ. ಸತ್ತ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಕಥೆಯಮ್ಮನಿಗೆ ಈಗ ಇನ್ನೂ ಭಯವಾಯಿತು. ಆ ಮಾತು ಇನ್ನು ಮಗಳ ಬಾಯಿಂದಲೇ ಬರಬೇಕು.

ಮಗಳು ಮೂಲೆ ಸೇರಿಸಲು ಬಂದಳು. "ಅಕ್ಕನ ಕೈ ಸೋತಿದ್ದು ನಿಂಗೆ ಕಾಣಿಸ್ತು." ಹಿಂದೆ ಸರಿದಳು.

ಮತ್ತೆ ಬಂದಳು. "ನಾನು ಆ ರಾಶಿಯೊಳಗೆ ಅಡಗ್ತಿದ್ದೆ. ಉಸಿರು ಬಿಗಿಹಿಡಿದು. ನೀನು ಹುಡುಕ್ತೀಯ ಅಂತ."

ದೂರ. ಯಂತ್ರದ ಸದ್ದು.

"ಪ್ರತಿ ಸಲ ಹುಡುಕಿದ್ದು ಅಕ್ಕ. ಅಮ್ಮಂಗೆ ಹೇಳ್ಬೇಡ ಅಂದಿದ್ದೆ."

ದೂರ.

"ಕಳೆದುಹೋದ ಮಗೂನ ತಾಯಿ ಹುಡುಕೋ ಕಥೆ ಸಭೇಲಿ ಓದಿದ್ಯಲ್ಲ, ಎಲ್ಲರೂ ಅತ್ರಲ್ಲ. ಆಗ್ಲೂ ನಾನು ರಾಶಿಯೊಳಗಿದ್ದೆ."

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಕಾವಲುಗಾರ ಇಣುಕಿದ, ಹಿಂದೆ ಆಯಾ. "ಸಭೆ ಇದೆಯಾ ಕಥೆಯಮ್ಮ? ಹೊಸದೇನಾದ್ರೂ ಬರ್ದೆಯಾ?"

ಮಗಳು ಚಾದರದಾಚೆಯಿಂದ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಬರ್ದಿಲ್ಲ. ಇದನ್ನ ಬರೆಯೋದೂ ಇಲ್ಲ" ಎಂದಳು ಕಥೆಯಮ್ಮ. "ಸ್ವಲ್ಪ ಹೊತ್ತು ಮೇಲೆ ಕೂತಿರಿ. ನನ್ನ ಮಗಳ ಮಾತು ಮುಗೀಲಿ."

ಅವರು ಹೋದರು. ಕಥೆಯಮ್ಮ ಕೈಯಲ್ಲಿದ್ದ ಮೂಲೆಗಳನ್ನು ಬಿಟ್ಟಳು. ರಾಶಿಯ ಬಳಿ ಹೋಗಿ, ಬಗ್ಗಿ, ಮೇಲಿನ ಚಾದರ ಎತ್ತಿದಳು. ಒಳಗೆ ಯಾರೂ ಇರಲಿಲ್ಲ. ಎರಡನೆಯದನ್ನೂ ಎತ್ತಿದಳು. ಮಗಳು ಬೆನ್ನ ಹಿಂದೆ, ಉಸಿರು ಬಿಗಿಹಿಡಿದು ನಿಂತಿದ್ದಳು.